ಏನೂ ಇಲ್ಲದ ಊರು

ಅಕ್ಟೋಬರ್ 19, ಭಾನುವಾರ. ಸಾಗಾ.

ಬಾಯಿತಪ್ಪಿ ಬಂದ ಒಂದು "ಹೌದು" ಮಧ್ಯಾಹ್ನದಿಂದ ಕೊರೆಯುತ್ತಿದೆ.

ಇವರಿಗೆ ವರ್ಗವಾಗಿ ಕೋಬೆಯಿಂದ ಇಲ್ಲಿಗೆ ಬಂದು ಮೂರು ವಾರ. ಈ ಊರಲ್ಲಿ ನನ್ನನ್ನು ಮಾತಾಡಿಸುವವರು ಪಕ್ಕದ ಮನೆಯ ಕೋಗಾ ಅಜ್ಜಿ ಒಬ್ಬರೇ. ಇವತ್ತು ತಮ್ಮ ಪುಟ್ಟ ಕಾರಿನಲ್ಲಿ ಊರು ತೋರಿಸಲು ಕರೆದುಕೊಂಡು ಹೋದರು.

ಕೋಟೆ ಬಾಗಿಲ ಮುಂದೆ, "ಇಷ್ಟೇ ಕಣಮ್ಮ, ನಮ್ಮೂರಲ್ಲಿ ನೋಡೋಕೆ ಏನೂ ಇಲ್ಲ" ಅಂದರು. "ಅಯ್ಯೋ, ಎಷ್ಟು ಚೆನ್ನಾಗಿದೆ!" ಅಂದೆ. ಕಂದಕದ ಹತ್ತಿರವೂ ಅದೇ ಮಾತು, ಅದೇ ಉತ್ತರ. ಅವರು ಹಾಗನ್ನಬೇಕು, ನಾವು ಅಲ್ಲಗಳೆಯಬೇಕು. ಸಣ್ಣ ಮಗುವಿಗೂ ಗೊತ್ತಿರುವ ವಿಷಯ.

ಕೊನೆಗೆ ಬೀದಿ ಮೂಲೆಯ ಎಬಿಸು ದೇವರು. ಮೊಣಕಾಲೆತ್ತರದ ಕಲ್ಲು, ಮೂಗು ಸವೆದಿದೆ. ಅಜ್ಜಿ ಚೀಲದಿಂದ ಬಟ್ಟೆ ತೆಗೆದು ಅದರ ಮುಖ ಒರೆಸುತ್ತಾ, "ನಲವತ್ತು ವರ್ಷದಿಂದ ದಿನಾ ಒರೆಸ್ತೀನಿ. ನೋಡು, ಇಲ್ಲೂ ಏನೂ ಇಲ್ಲ" ಅಂದರು. ಕಾಲು ನೋಯುತ್ತಿತ್ತು, ಗಮನ ಎಲ್ಲೋ ಇತ್ತು. "ಹೌದು" ಅಂದುಬಿಟ್ಟೆ.

"ಅಲ್ವಾ?" ಅಂತ ನಕ್ಕರು. ಆಮೇಲೆ ದಾರಿಯುದ್ದಕ್ಕೂ ಬರೀ ಚಳಿ, ಬಿಸಿಲಿನ ಮಾತು.

ಇವರಿಗೆ ಹೇಳಿದರೆ, "ಅವರೇ ಅಂದ್ರು, ನೀನು ಒಪ್ಕೊಂಡೆ, ಅದಕ್ಕೇನೀಗ?" ಅನ್ನುತ್ತಾರೆ. ಕ್ಷಮೆ ಕೇಳೋಣವೆಂದರೆ ಆ ಮಾತನ್ನೇ ಇನ್ನೊಮ್ಮೆ ಆಡಿದಂತಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕಾರಿನಿಂದ ಇಳಿಯುವಾಗ ಕೆಂಪು ಕಾಳಿನ ಸಿಹಿಯ ಡಬ್ಬಿಯೊಂದನ್ನು ಕೈಗಿಟ್ಟರು. "ನಾನೇ ಮಾಡಿದ್ದು ಕಣಮ್ಮ. ರುಚಿ ಏನೂ ಇಲ್ಲ." ತಕ್ಷಣ ಅಲ್ಲಗಳೆಯಬೇಕಿತ್ತು. ಅದರ ಬದಲು ಎರಡೂ ಕೈಯಲ್ಲಿ ಡಬ್ಬಿ ಹಿಡಿದು ವಂದನೆಗೆಂದು ತಲೆ ಬಾಗಿಸಿದೆ.

ಅದೂ ಹೌದೆಂದು ತಲೆಯಾಡಿಸಿದಂತೆಯೇ ಕಂಡಿರಬೇಕು.