ಪಾತಾಳ ರೈಲಿನ ಒಂಬತ್ತನೆಯ ಭಾಗ

ಮಹಡಿ ಮನೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ದಿನವಿಡೀ ಕ್ರೇನಿನ ಗೂಡಿನಲ್ಲಿ ಕೂತು ಬಗ್ಗಿ ಬಗ್ಗಿ ಕೆಳಗೆ ನೋಡಿದರೆ ಸೊಂಟ ಇನ್ನೇನಾಗಬೇಕು ಹೇಳು. ಬೆನ್ನಿಗೆ ದಿಂಬು ಇಟ್ಟುಕೋ ಎಂದು ಅತ್ತಿಗೆ ಹೇಳಿದ್ದನ್ನು ಕಿವಿಗೆ ಹಾಕಿಕೊಂಡೆಯೋ ಇಲ್ಲವೋ. ನಾನು ಹೀಗೇ ಇದ್ದೇನೆ. ಲ್ಯಾಬಿನಲ್ಲಿ ಕೃತಕ ಹಲ್ಲಿನ ಸೆಟ್‌ಗಳ ರಾಶಿಯೇ ಬಿದ್ದಿದೆ. ಮೇಣ ಕೆತ್ತಿ, ಹಲ್ಲು ಕೂರಿಸಿ, ಪಾಲಿಶ್ ಮಾಡಿ ಮನೆಗೆ ಬಂದರೆ ಮೂಗಿನೊಳಗೂ ಗುಲಾಬಿ ಬಣ್ಣದ ಪುಡಿ. ನಿನ್ನ ಮಗಳು ಚೆನ್ನಾಗಿದ್ದಾಳೆ. ಓದುತ್ತಾಳೆ, ಉಣ್ಣುತ್ತಾಳೆ, ಬಚ್ಚಲಿಗೆ ಹೋದರೆ ಹೊರಗೆ ಬರುವುದಿಲ್ಲ. ಕಾಲೇಜಿಗೆಂದು ನನ್ನ ಹತ್ತಿರ ಬಿಟ್ಟಾಗ "ನಿನ್ನ ತಲೆ ತಿಂತಾಳೆ ನೋಡ್ತಾ ಇರು" ಅಂದಿದ್ದೆ. ತಿನ್ನಲಿ ಬಿಡು, ಮನೆಯಲ್ಲಿ ಒಂದು ಸದ್ದಾದರೂ ಇದೆ.

ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ಪಾತಾಳ ರೈಲು ಸಿನಿಮಾದ ಮಾತು ಬಂದರೆ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಎಲ್ಲಿ ಬಿಡುತ್ತೀಯ? ಹೊಸ ಭಾಗ ಬಂದ ದಿನವೇ ನೋಡಿ, ಅಭಿಮಾನಿಗಳ ಗುಂಪಿಗೆಲ್ಲ ಕಳಿಸಿದೆಯಲ್ಲ, ಆ ಉದ್ದನೆಯ ಧ್ವನಿ ಸಂದೇಶ, ನನಗೂ ಬಂತು. ಸೊಪ್ಪು ಬಿಡಿಸುತ್ತಾ ಕೇಳೋಣವೆಂದು ಸ್ಪೀಕರಿಗೆ ಹಾಕಿದೆ. ಎಡವಟ್ಟಾಗಿದ್ದು ಅಲ್ಲೇ. ಮರುದಿನ ನಾನೂ ನಿನ್ನ ಮಗಳೂ ಅದಕ್ಕೆ ಹೋಗುವವರಿದ್ದೆವು. ಸಿನಿಮಾದ ಗಾರ್ಡಮ್ಮ ಹಾಕುವಂಥ ಟೋಪಿಯನ್ನು ವಾರವಿಡೀ ಕೂತು ಹೊಲಿದುಕೊಂಡಿದ್ದಳು ಪಾಪ. ತಲೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. "ಗಾರ್ಡಮ್ಮನ್ನ ಕೋಡಂಗಿ ಮಾಡಿಬಿಟ್ರು", "ಇದನ್ನ ಇಷ್ಟಪಡೋರಿಗೆ ತಲೆಯಲ್ಲಿ ಏನೂ ಇಲ್ಲ ಅಂತ ಅರ್ಥ". ನಿನ್ನ ದನಿಯಲ್ಲೇ. ನಾನು ಆರಿಸುವಷ್ಟರಲ್ಲಿ ಟೋಪಿ ಬೀರು ಸೇರಿತ್ತು. "ಬಿಡು ಅತ್ತೆ, ನಂಗೇನೂ ಅಷ್ಟು ಹುಚ್ಚಿಲ್ಲ" ಅಂದಳು. ಯಾರಿಗೆ ಹೇಳುತ್ತಾಳೆ! ಹುಚ್ಚು ಹಿಡಿಸಿದ್ದು ನೀನೇ ಅಲ್ಲವೇ.

ಆದರೂ ಎಳೆದುಕೊಂಡು ಹೋದೆ. ರೈಲು ಸುರಂಗಕ್ಕೆ ಧುಮುಕುವಾಗ ಕಾಲೆರಡನ್ನೂ ನೆಲದಿಂದ ಎತ್ತಬೇಕು, ಇಲ್ಲದಿದ್ದರೆ ಪಾತಾಳದವರು ಹಿಡಿದುಕೊಳ್ಳುತ್ತಾರೆ ಎಂದು ಮೊದಲ ಭಾಗ ನೋಡುವಾಗ ನೀನು ನನ್ನನ್ನು ಹೆದರಿಸಿದ್ದೆ. ಅಂದಿನಿಂದ ಎತ್ತುತ್ತಲೇ ಇದ್ದೇನೆ, ಮಂಡಿ ಚಿಪ್ಪು ಲಟಕ್ಕೆಂದರೂ. ಅವಳಿಗೂ ನೀನು ಅದನ್ನೇ ಕಲಿಸಿದ್ದೀಯ. ಮೊನ್ನೆ ಸುರಂಗ ಬಂತು, ಎತ್ತಿದಳು. ಎತ್ತಿದವಳು ನನ್ನ ಕಡೆ ತಿರುಗಿ ನೋಡಿ ಮೆಲ್ಲಗೆ ಇಳಿಸಿಬಿಟ್ಟಳು. ನಗು ಬಂದಲ್ಲೆಲ್ಲ ಬಾಯಿಗೆ ಕೈ. ನನಗೆ ಸಿನಿಮಾ ನೋಡುವುದೇ ಆಗಲಿಲ್ಲ ಅಣ್ಣಾ, ಅವಳನ್ನೇ ನೋಡುತ್ತಾ ಕೂತೆ.

ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಥೆ ಜಾಳು. ಮಧ್ಯದಲ್ಲಿ ನನಗೂ ತೂಕಡಿಕೆ ಬಂತು. ಆದರೆ ನನಗೆ ಸಾಕಾಗಿದೆ ಮಾರಾಯ. ಹೊಸ ಭಾಗ ಬಂದಾಗಲೆಲ್ಲ ಮೊದಲು ಜಗಳ, ಆಮೇಲೆ ಸಿನಿಮಾ. ಇಷ್ಟವಾಯಿತು ಎಂದರೆ ದಡ್ಡಿ, ಇಲ್ಲ ಎಂದರೆ ದ್ರೋಹಿ. ಹಗಲೆಲ್ಲ ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಸರಿಯಿಲ್ಲ, ಒಸಡು ದಪ್ಪವಾಯಿತು ಎಂದು ಅನ್ನಿಸಿಕೊಂಡವಳು ಸಂಜೆಯೂ ಯಾಕೆ ತಪ್ಪು ಹುಡುಕಲಿ? ಗಾರ್ಡಮ್ಮ ಕತ್ತಲಲ್ಲಿ ಆ ಸೀಟಿ ಊದಿದಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಸಿಕ್ಕಿದ್ದು ಅಷ್ಟೇ. ಸಿಕ್ಕಿದ್ದನ್ನು ಸಂತೋಷವಾಗಿ ಇಟ್ಟುಕೊಂಡಿದ್ದೇನೆ. ನಿನಗೂ ಏನಾದರೂ ಸಿಕ್ಕಿರಬೇಕು, ಬಾಯಿ ಬಿಡುವುದಿಲ್ಲ ಅಷ್ಟೇ. ಮೊದಲು ಹೀಗಿರಲಿಲ್ಲ ನೀನು. ಸಿನಿಮಾ ಮುಗಿಸಿ ಮನೆಗೆ ಬರುವ ದಾರಿಯುದ್ದಕ್ಕೂ ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ರೈಲಾಗಿ ಓಡುತ್ತಿದ್ದವನು.

ನಾಳೆಯಿಂದ ಮತ್ತೆ ಅದೇ ಮೇಣ, ಅದೇ ಮೋಟರು. ಕಣ್ಣು ಎಳೆಯುತ್ತಿದೆ. ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಮಾತ್ರೆ ಬಿಡಬೇಡ, ಭಾರ ಎತ್ತಬೇಡ, ನನ್ನ ಮೇಲೆ ಸಿಟ್ಟು ಮಾಡಿಕೊಂಡರೂ ಎರಡೇ ದಿನಕ್ಕೆ ಮುಗಿಸು.

ನಿನ್ನ ತಂಗಿ,
ಮೊಂಡಿ

ಇನ್ನೊಂದು ಮಾತು: ಲಕೋಟೆ ಅಂಟಿಸುತ್ತಿದ್ದೆ, ನಿನ್ನ ಮಗಳು ಬಂದು ಪಕ್ಕದಲ್ಲಿ ಕೂತಳು. ರಜೆಗೆ ತಾನು ಮನೆಗೆ ಬಂದಾಗ ನೀನು ಸಿನಿಮಾ ಹೇಗಿತ್ತು ಅಂತ ಕೇಳೇ ಕೇಳುತ್ತೀಯಂತೆ. "ಯಾವ್ಯಾವ ಸೀನು ಕೆಟ್ಟದಿತ್ತು ಅಂತ ಹೇಳ್ಕೊಡು ಅತ್ತೆ, ಅಪ್ಪಂಗೆ ಸರಿಯಾಗಿ ಹೇಳ್ಬೇಕು" ಅಂದಳು. ಎರಡು ಹೇಳಿಕೊಟ್ಟೆ. ಈಗ ಒಳಗೆ ಬಾಯಿಪಾಠ ಮಾಡುತ್ತಿದ್ದಾಳೆ. ಅವಳಿಗೆ ಸಿನಿಮಾ ತುಂಬ ಇಷ್ಟವಾಗಿದೆ, ಅಣ್ಣಾ. ಅವಳು ಬಂದಾಗ ನಿನಗೇನು ಇಷ್ಟವಾಯಿತು ಅನ್ನುವುದನ್ನು ನೀನೇ ಮೊದಲು ಹೇಳು.