ಫೌಸ್ಟಿನ್‌ನ ಪಾಲಿನ ತೆನೆ

ಕಟಪಾಡಿ,
11-9-1983

ತಮ್ಮ ಫೌಸ್ಟಿನ್‌ಗೆ,

ಆರೋಗ್ಯವೇ? ಬೊಂಬಾಯಿಯ ಹವೆ ಹಿಡಿಸಿದೆ ಎಂದು ಬರೆದಿದ್ದೀ, ಸಂತೋಷ. ಅಮ್ಮನ ಕೆಮ್ಮು ಇಳಿದಿಲ್ಲ. ಮನೆಮಾತು ಕೊಂಕಣಿಯಲ್ಲಿ ಬರೆಯಲು ಕುಳಿತರೆ ನಿನ್ನ ಮೇಲೆ ಕರುಣೆ ಬರುತ್ತದೆ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಕಪ್ಪೆ ವ್ಯಾಪಾರಕ್ಕೆ ನಮಗೆ ತಗಲಿದ ಖರ್ಚನ್ನು ಮೊದಲು ಕೇಳು. ಕಾಪುವಿನ ನಮ್ಮ ಗದ್ದೆಗೆ ಎರಡು ಸಲ ಹುಳದ ಔಷಧಿ, ಹೊಡೆಯಲು ಬಾಡಿಗೆಯ ಪಂಪು, ಅದರ ಗಾಳಿ ಕುಡಿದ ಅಮ್ಮನಿಗೆ ಡಾಕ್ಟರು. ತೋಡಿನಲ್ಲಿ ಹೊಟ್ಟೆ ಮೇಲಾಗಿ ತೇಲಿದ ಮೀನಿಗೆ ಬೆಲೆ ಕಟ್ಟಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೆಲಗಡಲೆ ಮಾರಿ ಕಟ್ಟಿದ ಅಂಗಡಿ ನನ್ನದು. ಅದರ ಮಳೆಗಾಲದ ಲಾಭವೆಲ್ಲ ಈ ಔಷಧಿ ಡಬ್ಬಿಗಳಿಗೆ ಹೋಯಿತು.

"ಸುಮ್ಮನೆ ಕೂಗುವ ಪ್ರಾಣಿ ಅಕ್ಕಾ, ಫ್ರಾನ್ಸಿನವರು ತಿಂದರೆ ನಮಗೆಂತ ನಷ್ಟ?" ಎಂದಿದ್ದೆ ನೀನು, ಹೋದ ವರ್ಷದ ಮೊದಲ ಮಳೆಗೆ ಗ್ಯಾಸ್‌ಲೈಟು, ಗೋಣಿ, ಐಸಿನ ಪೆಟ್ಟಿಗೆ ಹೊರಿಸಿಕೊಂಡು ಬಂದವನು. ಮೊಟ್ಟೆ ಇಡಲು ನೀರಿಗೆ ಸೇರಿದ್ದ ಕಪ್ಪೆಗಳನ್ನೇ ಬಾಚಿಸಿದೆ. ಸೊಂಟದಿಂದ ಕೆಳಗಿನದ್ದು ನಿನ್ನ ಬೊಂಬಾಯಿ ಸೇಠ್‌ನ ಮೂಲಕ ಹಡಗಿಗೆ, ಮೇಲಿನದ್ದು ನಮ್ಮ ತೋಡಿಗೆ. ಊರಿಗೆ ಊರೇ ಗೋಣಿ ಹಿಡಿದು ಇಳಿಯಿತು. ನೆರೆಯ ವಾರಿಜಕ್ಕ ಮಾತ್ರ ಕತ್ತಿ ಹಿಡಿದು ತಮ್ಮ ಗದ್ದೆಯಂಚಿನಲ್ಲಿ ನಿಂತು, "ಇಲ್ಲಿ ಇಳಿದರೆ ಯಾರ ಕಾಲು ಕತ್ತರಿಸಬೇಕೆಂದು ನನಗೆ ಗೊತ್ತುಂಟು ಮಾರಾಯ" ಎಂದರು. ನೀನು ನಕ್ಕಿದ್ದೆ.

ಈ ಮಳೆಗಾಲ ನಮ್ಮ ಗದ್ದೆಯಲ್ಲಿ ಒಂದು ಕೂಗೂ ಇಲ್ಲ. ತಿನ್ನುವವರು ಇಲ್ಲವಾದ ಮೇಲೆ ಹುಳಗಳನ್ನು ಕೇಳುವವರು ಯಾರು? ತೆನೆ ಹಾಲುಗಟ್ಟುವ ಹೊತ್ತಿಗೇ ಹೀರಿಬಿಟ್ಟವು. ಔಷಧಿಯ ಡಬ್ಬಿ ತಿರುಗಿಸಿ ನೋಡಿದರೆ ಅದೂ ವಿದೇಶದ ಕಂಪನಿಯದ್ದು. ಕಪ್ಪೆ ಅಲ್ಲಿಗೆ, ವಿಷ ಇಲ್ಲಿಗೆ. ಎರಡೂ ಕಡೆ ಲಾಭ ಅವರಿಗೇ. ಇಷ್ಟು ಜಾಣ ಗಿರಾಕಿ ನನ್ನ ಅಂಗಡಿಯ ಮೆಟ್ಟಿಲು ಇನ್ನೂ ಹತ್ತಿಲ್ಲ.

ಬರುವ ಮಳೆಗೂ ಆಳುಗಳನ್ನು ಗೊತ್ತುಮಾಡಿಡು ಎಂದಿದ್ದೀ. ಮಾಡುವುದಿಲ್ಲ. ನಿನ್ನ ಐಸಿನ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿದೆ, ಎಬ್ಬಿಸಲಾಗದು.

ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಅದು ಅವರೊಬ್ಬರದ್ದೇ.

ಇಮೆಲ್ಡಾ

ತಾ.ಕ.: ಮೊಂತಿ ಹಬ್ಬದ ಹೊಸ ತೆನೆಯಲ್ಲಿ ನಿನ್ನ ಪಾಲನ್ನು ಎಂದಿನಂತೆ ಲಕೋಟೆಯಲ್ಲಿ ಕಳಿಸಲು ಕೇಳಿದ್ದೆಯಲ್ಲ, ಇಟ್ಟಿದ್ದೇನೆ. ನಮ್ಮ ಗದ್ದೆಯದ್ದೇ, ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ್ದೇ. ಉಗುರಿನಿಂದ ಸುಲಿದು ನೋಡು, ಒಳಗೆ ಏನೂ ಇಲ್ಲ. ಹಬ್ಬದ ದಿನ ಮನೆಯವರೆಲ್ಲ ಹಂಚಿ ಕುಡಿಯುವ ಹಾಲಿಗೆ ನಾನು ಹಾಕಿದ ಹೊಸ ಅಕ್ಕಿ ವಾರಿಜಕ್ಕನ ಗದ್ದೆಯದ್ದು, ಅಮ್ಮನಿಗೆ ಹೇಳಿಲ್ಲ. ಫ್ರಾನ್ಸಿನವರಿಗೆ ಕಾಲು, ನಿನ್ನ ಸೇಠ್‌ಗೆ ಡಾಲರು, ನಿನಗೆ ಕಮಿಷನ್, ಹುಳಕ್ಕೆ ಗದ್ದೆ, ಅಮ್ಮನಿಗೆ ಕೆಮ್ಮು, ನನಗೆ ಜೊಳ್ಳು.