ಎಡಗೈಯ ಏಟು

ಇಲ್ಫರ್ಡ್, ಲಂಡನ್
೧೮ ಆಗಸ್ಟ್ ೧೯೯೭

ಋಷಿಯ ಅಪ್ಪನವರಿಗೆ ಸುಶೀಲೆಯ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀರೋ, ಬಾಟಲಿ ನೋಡಿಕೊಂಡೇ ಕೂತಿದ್ದೀರೋ? ಇಲ್ಲಿ ನನ್ನೊಡನೆ ಜಗಳಕ್ಕೆ ಬರುವವರೇ ಇಲ್ಲ, ಬೇಜಾರು. ಸೊಸೆ ವೈದೇಹಿ ಈಸ್ಟ್ ಹ್ಯಾಮಿನಿಂದ ಜೋಳದ ಹಿಟ್ಟು ತಂದಿದ್ದಾಳೆ. ರೊಟ್ಟಿ ಬಡಿಯುವುದು ಮಾತ್ರ ನಾನೇ.

ಈಗ ನಿಮ್ಮ ಮಗನ ಸುದ್ದಿ. ಆಸ್ಪತ್ರೆಯ ಗೆಳೆಯರ ಜೊತೆ ಬೇಸ್‌ಬಾಲ್ ಆಡುತ್ತಾನಲ್ಲ, ಈ ಬೇಸಿಗೆಯಿಡೀ ಒಂದು ಚೆಂಡೂ ಅವನ ಬ್ಯಾಟಿಗೆ ನೆಟ್ಟಗೆ ತಾಕಿರಲಿಲ್ಲ. ತಂಡಕ್ಕೆ ಇಬ್ಬರು ಕೋಚುಗಳು. ಒಬ್ಬರು ಮೊಣಕೈ ಎತ್ತು ಎಂದರೆ ಇನ್ನೊಬ್ಬರು ಇಳಿಸು ಎನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಿ ಇವನು ಕನ್ನಡಿಯ ಮುಂದೆ ಸೊಂಟ ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ, ಈ ಶನಿವಾರವೂ ಹೊಡೆಯದಿದ್ದರೆ ತಂಡದಿಂದ ಕೈಬಿಡುತ್ತೇವೆ ಎಂದುಬಿಟ್ಟರು. ವಾರವೆಲ್ಲ ರೋಗಿಗಳ ನಡುವೆ ಇರುವವನಿಗೆ ಅದೊಂದೇ ಖುಷಿ. ಅವನ ಸಪ್ಪೆ ಮುಖ ನೋಡಿ ನನಗೂ ಊಟ ಸೇರಲಿಲ್ಲ.

ಶುಕ್ರವಾರ ಅಡಿಗೆಮನೆಗೆ ಒಂದು ಕಣಜದ ಹುಳ ನುಗ್ಗಿತು. ವೈದೇಹಿ ಕೂಗಿಕೊಂಡಳು. ಇವನು ಓಡಿಬಂದು ಕಸಬರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಮಗ್ಗುಲಿನಿಂದ ಬೀಸಿದ. ಒಂದೇ ಏಟು. ನನಗೆ ನಗು ತಡೆಯಲಿಲ್ಲ. “ಎಡಚಾ, ಅಲ್ಲೂ ಹಿಂಗ ಹೊಡಿಯೋ” ಎಂದೆ. ಅವನು ಹುಟ್ಟಾ ಎಡಗೈಯವನಲ್ಲವೇ? “ಬಲಗೈಲೆ ಉಣ್ಣೋ” ಎಂದು ನೀವು ದಿನಾ ಕೈಗೆ ತಟ್ಟಿ ತಟ್ಟಿ ತಿದ್ದಿದಿರಿ. ಹಾಗೆ ತಿದ್ದಿದ ಕೈ ಬ್ಯಾಟನ್ನೂ ಬಲಕ್ಕೇ ಹಿಡಿಯಿತು. ಅವನಿಗೇ ಅದು ಮರೆತುಹೋಗಿತ್ತು.

ಶನಿವಾರ ನಾನೂ ಹೋಗಿದ್ದೆ. ಎಡಗೈ ಆಟಗಾರನ ಹಾಗೆ ತಿರುಗಿ ನಿಂತ. ಬೇಡ ಬೇಡ ಎಂದು ಕೋಚುಗಳಿಬ್ಬರೂ ಮೊದಲ ಬಾರಿ ಒಂದೇ ಮಾತಾಡಿದರು. ಚೆಂಡು ಬೇಲಿ ದಾಟಿ ಹೋಯಿತು. ಈ ಆಟದಲ್ಲಿ ಹೊಡೆದ ಮೇಲೆ ಬ್ಯಾಟು ಬಿಟ್ಟು ಓಡಬೇಕಂತೆ. ಇವನು ಧಾರವಾಡದ ಕ್ರಿಕೆಟ್ಟಿನ ಅಭ್ಯಾಸದಲ್ಲಿ ಬ್ಯಾಟಿನ ಸಮೇತ ಮೈದಾನ ಸುತ್ತಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನಂತೂ ಸಂತೋಷಕ್ಕೆ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನೇ ತಬ್ಬಿಕೊಂಡೆ. ತಂಡದಲ್ಲಿ ಉಳಿದಿದ್ದಾನೆ.

ಔಷಧಿ ತಪ್ಪಿಸಬೇಡಿ. ಓಣಿಯವರಿಗೆಲ್ಲ ನನ್ನ ನೆನಪು ಹೇಳಿ.

ನಿಮ್ಮ
ಸುಶೀಲಾ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊಮ್ಮಗಳು ಗಾರ್ಗಿಯೂ ಎಡಗೈಯಲ್ಲೇ ಉಣ್ಣುತ್ತಾಳೆ. ಮುಂದಿನ ತಿಂಗಳು ನೀವು ಬಂದಾಗ ಅವಳಿಗೆ ಬೇರೆ ಕೋಣೆಯಲ್ಲಿ ಉಣಿಸೋಣ ಎನ್ನುತ್ತಿದ್ದಾನೆ ಋಷಿ. ಇಷ್ಟು ದೊಡ್ಡವನಾಗಿ ಇನ್ನೂ ನಿಮಗೆ ಹೆದರುತ್ತಾನೆ. ನಾನು ಒಪ್ಪಿಲ್ಲ. ಅವಳು ನಿಮ್ಮ ಪಕ್ಕದಲ್ಲೇ ಕೂರುತ್ತಾಳೆ. ಯಾವ ಕೈ ತಟ್ಟೆಗೆ ಹೋದರೂ, ಸಾರು ಹೇಗಿದೆ ಎಂದಷ್ಟೇ ನೀವು ಕೇಳಬೇಕು.